ಹನ್ನೊಂದನೇ ರೂಟಿನ ಚೀಟಿ

ಮಾರ್ಚ್ 3, ಸೋಮವಾರ

ಡಿಪೋಗೆ ಸುತ್ತೋಲೆ ಬಂದಿದೆ. ಐವತ್ತು ದಾಟಿದ ಸಿಬ್ಬಂದಿ ಪ್ರತಿ ತಿಂಗಳ ಮೊದಲ ಬುಧವಾರ ಒಂದು ಗಂಟೆ ತರಗತಿಯಲ್ಲಿ ಕೂರಬೇಕಂತೆ. ವಿಷಯ: ಯುವ ಚಾಲಕರ ಆಡುಮಾತನ್ನು ಅರ್ಥ ಮಾಡಿಕೊಳ್ಳುವುದು. ಓದಿದೆ, ನಾಲ್ಕು ಮಡಿಕೆ ಮಾಡಿದೆ, ಮೇಜಿನ ಮೋಟು ಕಾಲಿನ ಕೆಳಗೆ ಇಟ್ಟೆ. ಮೇಜು ಈಗ ಅಲುಗಾಡುತ್ತಿಲ್ಲ. ಸುತ್ತೋಲೆಯಿಂದ ಅಷ್ಟಾದರೂ ಉಪಯೋಗವಾಯಿತು.

ಈ ಹುಡುಗರ ಭಾಷೆಯ ಮೇಲೆ ದೂರು ಕೊಟ್ಟು ಮೇಲಿನವರಿಗೆ ಒಂದು ಕಾಗದ ಬರೆಯುವುದಿದೆ. ಅದಕ್ಕೆ ಬೇಕಾದ ಸಂಗತಿಗಳನ್ನು ಮೊದಲು ಇಲ್ಲಿ ಬರೆದಿಡುತ್ತೇನೆ.

ನನ್ನ ಕೆಲಸ ದೋಷಪುಸ್ತಕ ಬರೆಯುವುದು. ಪಾಳಿ ಮುಗಿಸಿ ಬಂದ ಚಾಲಕರು ಬಸ್ಸಿನಲ್ಲಿ ಏನು ಕೆಟ್ಟಿದೆ ಎಂದು ಚೀಟಿಯಲ್ಲಿ ಬರೆದು ನನ್ನ ಕಿಟಕಿಯಲ್ಲಿ ಕೊಡುತ್ತಾರೆ. ಅದನ್ನು ಸರಿಯಾದ ಭಾಷೆಯಲ್ಲಿ ಪುಸ್ತಕಕ್ಕೆ ಇಳಿಸಿ ಸಹಿ ಹಾಕುತ್ತೇನೆ. ವರ್ಕ್‌ಶಾಪಿನ ಮೇಸ್ತ್ರಿ ಪುಸ್ತಕ ನೋಡಿ ರಿಪೇರಿ ಮಾಡಿಸುತ್ತಾನೆ. ಚೀಟಿ ನನ್ನ ಮೇಜಿನ ಮೇಲಿನ ಕಬ್ಬಿಣದ ಮುಳ್ಳಿಗೆ ಹೋಗುತ್ತದೆ, ತಿಂಗಳ ಕೊನೆಗೆ ಮುಳ್ಳಿನಿಂದ ರದ್ದಿಗೆ. ಮೂವತ್ತೊಂದು ವರ್ಷವಾಯಿತು. ನನ್ನ ಪುಸ್ತಕದಲ್ಲಿ ಒಂದು ಚಿತ್ತಿಲ್ಲ, ನನ್ನ ಮೇಲೆ ಒಂದು ಮೆಮೊ ಇಲ್ಲ. ನಿವೃತ್ತಿಗೆ ಐದು ತಿಂಗಳಿದೆ.

ಇವತ್ತು ಬಂದದ್ದು ಹದಿನಾರು ಚೀಟಿ. ಅದರಲ್ಲಿ ಏಳು ಹೀಗಿದ್ದವು: "ಗೇರ್ ಡ್ರಾಮಾ ಮಾಡ್ತಿದೆ." "ಹಾರ್ನ್ ಘೋಸ್ಟ್ ಆಯ್ತು." "ಇಂಜಿನ್ ವೈಬ್ ಸರಿ ಇಲ್ಲ." ಇದೇನು ಬಸ್ಸೋ ಮದುವೆಮನೆಯ ಜಗಳವೋ?

ಹನ್ನೊಂದನೇ ರೂಟಿನ ಹುಡುಗಿಯನ್ನು ಕರೆದು, ಸರಿಯಾದ ಭಾಷೆಯಲ್ಲಿ ಬರೆದುಕೊಡು ಎಂದೆ. ಇಪ್ಪತ್ತನಾಲ್ಕು ವರ್ಷ, ಉದ್ದ ಜಡೆ, ಯಾವಾಗಲೂ ಅವಸರ.

"ಸೀನೇ ಇಲ್ಲ ಮೇಡಂ" ಎಂದು ನಕ್ಕು ಹೋದಳು.

ಅಂದರೆ ಆಗದ ಮಾತು ಎಂದರ್ಥವಂತೆ. ಮೇಸ್ತ್ರಿ ಹೇಳಿದ. ನನ್ನ ಮುಖಕ್ಕೆ ಹಾಗೆ ಹೇಳಿದವರು ಈ ಡಿಪೋದಲ್ಲಿ ಇದುವರೆಗೆ ಯಾರೂ ಇರಲಿಲ್ಲ.

ಮಾರ್ಚ್ 5, ಬುಧವಾರ

ತರಗತಿಗೆ ಹೋಗಲಿಲ್ಲ. ಹೋಗುವುದೂ ಇಲ್ಲ.

ಮೇಸ್ತ್ರಿ ಹೋಗಿ ಬಂದ. ಏನು ಕಲಿತೆ ಎಂದು ಕೇಳಿದೆ. "ಫ್ಯಾನು ಚೆನ್ನಾಗಿ ತಿರುಗ್ತಿತ್ತು ಅಕ್ಕಾ, ಒಳ್ಳೆ ನಿದ್ದೆ" ಎಂದ.

ಮಾರ್ಚ್ 9, ಭಾನುವಾರ

ಕಾಗದಕ್ಕೆ ಪುರಾವೆಯಾಗಲಿ ಎಂದು ಒಂದು ಪಟ್ಟಿ ಮಾಡುತ್ತಿದ್ದೇನೆ. ಎಡಗಡೆ ಹುಡುಗರ ಪದ, ಬಲಗಡೆ ನಾನು ಪುಸ್ತಕದಲ್ಲಿ ಬರೆಯುವ ಪದ. ಡ್ರಾಮಾ ಎಂದರೆ ಕೆಟ್ಟಿದೆ. ಘೋಸ್ಟ್ ಎಂದರೆ ಕೆಟ್ಟಿದೆ. ವೈಬ್ ಸರಿ ಇಲ್ಲ ಎಂದರೂ ಕೆಟ್ಟಿದೆ. ಇಪ್ಪತ್ತೆರಡು ಪದ ಆಗಿವೆ. ಹದಿನೆಂಟಕ್ಕೆ ಅರ್ಥ ಒಂದೇ.

ಮೊಮ್ಮಗಳು ಬೆನ್ನ ಹಿಂದೆ ನಿಂತು ಓದಿದ್ದು ಗೊತ್ತಾಗಲಿಲ್ಲ. ಹದಿನೈದು ವರ್ಷ ಅವಳಿಗೆ. ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಜ್ಜಿ, ಎಲ್ಲಾ ತಪ್ಪು."

"ಎಲ್ಲಾ ಹೇಗೆ ತಪ್ಪಾಗುತ್ತೆ?"

"ಡ್ರಾಮಾ ಬೇರೆ, ಘೋಸ್ಟ್ ಬೇರೆ. ನೀನು ಎಲ್ಲಾರಿಗೂ ಒಂದೇ ಸೈಜಿನ ಅಂಗಿ ಹೊಲೆದಿದ್ದೀಯ. ಕೇಳಿದ್ರೆ ಹೇಳ್ಕೊಡ್ತೀನಿ."

"ಬೇಡ. ಇದು ಮೂವತ್ತೊಂದು ವರ್ಷದ ಅನುಭವ."

"ಸರಿ ಬಿಡು" ಎಂದು ಫೋನು ಹಿಡಿದು ಒಳಗೆ ಹೋದಳು. ಆಮೇಲೆ ಒಳಗಿನಿಂದಲೇ ನನಗೆ ಒಂದು ಸಂದೇಶ ಕಳಿಸಿದಳು. ಅದರಲ್ಲಿ ಮೂರು ತಪ್ಪುಗಳಿದ್ದವು. ತಿದ್ದಿ ವಾಪಸು ಕಳಿಸಿದೆ. ಉತ್ತರ ಬರಲಿಲ್ಲ.

ಮಾರ್ಚ್ 14, ಶುಕ್ರವಾರ

ಹುಡುಗರು ನನಗೆ ಕೆಂಪಿಂಕು ಎಂದು ಹೆಸರಿಟ್ಟಿದ್ದಾರೆ. ಬಸ್ ತೊಳೆಯುವ ಜಾಗದಲ್ಲಿ ಕಿವಿಗೆ ಬಿತ್ತು. ಇಟ್ಟುಕೊಳ್ಳಲಿ. ತಿದ್ದುವವರಿಗೆ ಇಂಕು ಬೇಕೇ ಬೇಕು.

ಹನ್ನೊಂದನೇ ರೂಟಿನ ಹುಡುಗಿಯ ಚೀಟಿ: "ಬ್ರೇಕ್ ಲ್ಯಾಗ್ ಹೊಡೀತಿದೆ." ಪುಸ್ತಕದಲ್ಲಿ ಬರೆದದ್ದು: "ಬ್ರೇಕ್ ಮಂದವಾಗಿದೆ." ಪಟ್ಟಿಗೂ ಸೇರಿಸಿದೆ. ಮೇಸ್ತ್ರಿ ಚಕ್ರವನ್ನು ಒತ್ತಿ ಹಿಡಿಯುವ ಲೈನಿಂಗ್ ಬಿಗಿ ಮಾಡಿಸಿ, ಸರಿಪಡಿಸಲಾಗಿದೆ ಎಂದು ಸಹಿ ಹಾಕಿದ. ಹಾಗೆ ಸಹಿಯಾದ ಬಸ್ಸನ್ನು ತೆಗೆದುಕೊಂಡು ಹೋಗುವುದಿಲ್ಲ ಎಂದು ಚಾಲಕರು ಹೇಳುವಂತಿಲ್ಲ. ಅದು ನಿಯಮ.

ಮಾರ್ಚ್ 22, ಶನಿವಾರ

ಅದೇ ಬಸ್ಸು, ಅದೇ ಹುಡುಗಿ. "ಬ್ರೇಕ್ ಇನ್ನೂ ಲ್ಯಾಗ್. ಬಿಗಿ ಮಾಡಿದ್ರೆ ಹೋಗಲ್ಲ ಇದು. ಸೀರಿಯಸ್."

ಹೇಗೆ ರಿಪೇರಿ ಮಾಡಬೇಕೆಂದು ವರ್ಕ್‌ಶಾಪಿಗೆ ಹೇಳಿಕೊಡುವುದು ಚಾಲಕರ ಕೆಲಸವಲ್ಲ. ಆ ವಾಕ್ಯ ಬಿಟ್ಟೆ. ಸೀರಿಯಸ್ ಎಂಬುದು ಬರೀ ಅಲಂಕಾರ, ಅದನ್ನೂ ಬಿಟ್ಟೆ. ಪುಸ್ತಕದಲ್ಲಿ: "ಬ್ರೇಕ್ ಮಂದವಾಗಿದೆ, ಎರಡನೇ ಬಾರಿ." ಮತ್ತೆ ಬಿಗಿ ಮಾಡಿದರು.

ಹದಿನಾಲ್ಕು ಚೀಟಿ, ನಲವತ್ತು ನಿಮಿಷ. ಅಕ್ಷರ ಇವತ್ತು ಬಹಳ ಚೆನ್ನಾಗಿ ಬಂದಿದೆ.

ಮಾರ್ಚ್ 27, ಗುರುವಾರ

ಹನ್ನೊಂದನೇ ರೂಟಿನ ಬಸ್ಸು ಕೊನೆಯ ನಿಲ್ದಾಣದಲ್ಲಿ ಕಬ್ಬಿಣದ ಕಟಕಟೆಗೆ ಗುದ್ದಿದೆ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ. ಇಳಿಯಲು ಎದ್ದು ನಿಂತಿದ್ದ ಒಬ್ಬ ಶಾಲಾ ಮೇಷ್ಟ್ರು ಬಿದ್ದು ಭುಜದ ಮೂಳೆ ಮುರಿದಿದೆ. ಉಳಿದವರಿಗೆ ಏನೂ ಆಗಿಲ್ಲ.

ಮಾರ್ಚ್ 28, ಶುಕ್ರವಾರ

ಹುಡುಗಿಯನ್ನು ಅಮಾನತು ಮಾಡಿದ್ದಾರೆ. ಮೆಮೊದ ನಕಲು ನನ್ನ ಮೇಜಿಗೂ ಬಂತು. ತಡವಾಗಿ ಬ್ರೇಕ್ ಒತ್ತಿದ್ದು ಒಂದನೇ ಆರೋಪ. ಬಸ್ಸಿನಲ್ಲಿ ದೋಷವಿದ್ದರೆ ಅದನ್ನು ಸ್ಪಷ್ಟವಾಗಿ ವರದಿ ಮಾಡದಿದ್ದದ್ದು ಎರಡನೆಯದು. ವಿಚಾರಣೆ ಏಪ್ರಿಲ್ ಮೂರಕ್ಕೆ. ಆರೋಪ ರುಜುವಾತಾದರೆ ಲೈಸೆನ್ಸ್ ಹೋಗುತ್ತದೆ. ಇನ್ನು ಯಾವ ಡಿಪೋದವರೂ ಅವಳನ್ನು ಸ್ಟೇರಿಂಗ್ ಮುಂದೆ ಕೂರಿಸುವುದಿಲ್ಲ.

ಸಮವಸ್ತ್ರ ಒಪ್ಪಿಸಲು ಬಂದವಳು ನನ್ನ ಕಿಟಕಿಯ ಮುಂದೆ ನಿಂತಳು. ನಗು ಇರಲಿಲ್ಲ.

"ನಾನು ಎರಡು ಸಲ ಬರೆದಿದ್ದೆ ಮೇಡಂ."

"ಹೌದಮ್ಮ, ಪುಸ್ತಕದಲ್ಲಿ ಎರಡು ಸಲವೂ ಇದೆ. ಬ್ರೇಕ್ ಮಂದ."

"ಮಂದ ಅಂತ ನಾನು ಬರೆದೇ ಇಲ್ವಲ್ಲ!"

"ಲ್ಯಾಗ್ ಅಂದ್ರೆ ಅದೇ ತಾನೆ?"

ಅವಳು ನನ್ನ ಮುಖವನ್ನೇ ನೋಡಿದಳು. ಕಿಟಕಿಯ ಕಟ್ಟೆಯ ಮೇಲೆ ಟೋಪಿ ಇಟ್ಟು ಹೋದಳು.

ನಾನೇನೂ ತಪ್ಪು ಮಾಡಿಲ್ಲ. ಲ್ಯಾಗ್ ಎಂದರೆ ನಿಧಾನ. ನಿಧಾನ ಎಂದರೆ ಮಂದ.

ಮಾರ್ಚ್ 30, ಭಾನುವಾರ

ಎರಡು ದಿನದಿಂದ ಆ ಟೋಪಿ ಕಣ್ಣೆದುರೇ ಇದೆ. ಮಧ್ಯಾಹ್ನ ಊಟವಾದ ಮೇಲೆ ಮೊಮ್ಮಗಳನ್ನು ಕೇಳಿದೆ. ಕೇಳಲು ಬಾಯಿ ಬರಲಿಲ್ಲ, ಆದರೂ ಕೇಳಿದೆ.

"ಬ್ರೇಕ್ ಲ್ಯಾಗ್ ಅಂದ್ರೆ ಏನು? ಮಂದ ಅಂತ ತಾನೆ?"

"ಅಯ್ಯೋ, ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು? ಕೂತ್ಕೋ ಅಜ್ಜಿ."

ಪೆಟ್ಟಿಗೆಯಿಂದ ಸ್ಕೇಲು ತಂದಳು. ನನ್ನ ಹೆಬ್ಬೆರಳು ತೋರುಬೆರಳಿನ ನಡುವೆ ಅದನ್ನು ತೂಗುಹಾಕಿ ಹಿಡಿದು, "ನಾನು ಬಿಟ್ಟ ತಕ್ಷಣ ಹಿಡೀಬೇಡ, ಒಂದು ಅಂತ ಎಣಿಸಿ ಆಮೇಲೆ ಹಿಡಿ" ಎಂದಳು. ಬಿಟ್ಟಳು. ನಾನು ಎಣಿಸಿ ಬೆರಳು ಮುಚ್ಚುವಷ್ಟರಲ್ಲಿ ಸ್ಕೇಲು ನೆಲದ ಮೇಲಿತ್ತು.

"ನಿನ್ನ ಬೆರಳಲ್ಲಿ ಬಲ ಇಲ್ವಾ?"

"ಇದೆ."

"ಗಟ್ಟಿಯಾಗೇ ಮುಚ್ಚಿದೆ ತಾನೆ? ಆದ್ರೂ ಬಿತ್ತು. ಇದು ಲ್ಯಾಗ್. ಈಗ ಬೆರಳಿಗೆ ಎಣ್ಣೆ ಹಚ್ಕೊಂಡು ಹಿಡಿದೆ ಅಂದ್ಕೋ. ಸರಿಯಾದ ಹೊತ್ತಿಗೇ ಹಿಡಿದೆ, ಆದ್ರೆ ಜಾರ್ತು. ಅದು ನಿನ್ನ ಮಂದ. ಎರಡೂ ಒಂದೇನಾ?"

ಒಂದಲ್ಲ.

ಇನ್ನೂ ನಾಲ್ಕು ಪದ ಕೇಳಿದೆ. ಘೋಸ್ಟ್ ಎಂದರೆ ಯಾವ ಸೂಚನೆಯೂ ಇಲ್ಲದೆ ಒಮ್ಮೆಲೇ ನಿಂತುಹೋಗುವುದು. ಡ್ರಾಮಾ ಎಂದರೆ ಮೊದಲು ಹಟ ಮಾಡಿ, ಸ್ವಲ್ಪ ಕಾಡಿಸಿ, ಆಮೇಲೆ ಏನೂ ಆಗದವರಂತೆ ಕೆಲಸ ಮಾಡುವುದು. ನಾನು ಎಲ್ಲದಕ್ಕೂ "ಕೆಟ್ಟಿದೆ" ಎಂದು ಬರೆದಿದ್ದೆ. ಪಟ್ಟಿ ತೆಗೆದು ನೋಡಿದೆ. ಹದಿನೆಂಟು ಕಡೆ ಕೆಟ್ಟಿದೆ, ಕೆಟ್ಟಿದೆ, ಕೆಟ್ಟಿದೆ. ಎಷ್ಟು ಮುದ್ದಾದ ಅಕ್ಷರ.

ಮಾರ್ಚ್ 31, ಸೋಮವಾರ

ಹೋದವಳೇ ಮೇಸ್ತ್ರಿಯನ್ನು ಹಿಡಿದೆ. ಹನ್ನೊಂದನೇ ರೂಟಿನ ಬಸ್ಸು ವರ್ಕ್‌ಶಾಪಿನ ಮೂಲೆಯಲ್ಲೇ ನಿಂತಿದೆ.

"ಬ್ರೇಕ್ ಒತ್ತಿದ ಮೇಲೆ ತಡವಾಗಿ ಹಿಡಿದ್ರೆ, ಆದ್ರೆ ಹಿಡಿದಾಗ ಪೂರ್ತಿ ಹಿಡಿದ್ರೆ, ಏನು ಕೆಟ್ಟಿರುತ್ತೆ?"

"ಅದು ಲೈನಿಂಗ್ ಅಲ್ಲಕ್ಕಾ. ಬ್ರೇಕ್ ಒತ್ತೋ ಗಾಳಿ ತಡವಾಗಿ ಬರ್ತಿದೆ ಅಂತ. ಪೈಪೋ ವಾಲ್ವೋ ನೋಡ್ಬೇಕು."

"ಹಾಗಾದ್ರೆ ನೋಡು."

"ಪುಸ್ತಕದಲ್ಲಿ ಮಂದ ಅಂತಿದೆಯಲ್ಲಾ?"

"ಪುಸ್ತಕ ಬರೆದವಳು ನಾನು. ನಾನೇ ಹೇಳ್ತಿದ್ದೀನಿ, ಬಿಚ್ಚು."

ಬಿಚ್ಚಿದ. ವಾಲ್ವಿನೊಳಗೆ ಕರಿ ಜಿಡ್ಡು, ತುಕ್ಕು, ಬೆರಳಲ್ಲಿ ಒತ್ತಿದರೆ ಅಂಟಿಕೊಂಡು ನಿಧಾನವಾಗಿ ಜಾರುತ್ತಿತ್ತು. ಮೇಸ್ತ್ರಿ ಅದನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದ. ಆಮೇಲೆ ಹೇಳಿದ: "ನಾವು ಎರಡು ಸಲ ಲೈನಿಂಗ್ ಬಿಗಿ ಮಾಡಿದ್ವಿ. ತಡವಾಗಿ ಹಿಡಿದದ್ದು ಇನ್ನೂ ಜೋರಾಗಿ ಹಿಡಿದಿದೆ. ಆ ಮೇಷ್ಟ್ರು ಬಿದ್ದದ್ದು ಅದಕ್ಕೇ." ವಾಲ್ವನ್ನು ಬಟ್ಟೆಯಲ್ಲಿ ಸುತ್ತುತ್ತಾ: "ಅಕ್ಕಾ, ನಂದೂ ಸಹಿ ಇದೆಯಲ್ಲ."

"ನೀನು ಪುಸ್ತಕ ನೋಡಿ ಮಾಡಿದೆ. ಪುಸ್ತಕ ನನ್ನದು. ಕಂಡದ್ದನ್ನು ಬರೆದು ಸಹಿ ಹಾಕು, ಸಾಕು."

ಹಾಕಿದ. ಹೇಳಿಕೆಯನ್ನೂ ವಾಲ್ವನ್ನೂ ನನ್ನ ಕೈಗೇ ಕೊಟ್ಟ.

ಸಂಜೆ ನಾಲ್ಕಕ್ಕೆ ಡಿಪೋ ಮ್ಯಾನೇಜರ್ ಕರೆದರು. ನನಗಿಂತ ಹತ್ತು ವರ್ಷ ಚಿಕ್ಕವರು, ಯಾವಾಗಲೂ ನಯವಾದ ಮಾತು.

"ಇವತ್ತು ತಿಂಗಳ ಕೊನೆ. ಮುಳ್ಳಿನ ಚೀಟಿ ಮಾಮೂಲಿ ಥರ ರದ್ದಿಗೆ ಹೋಗಲಿ ಮೇಡಂ."

"ವಿಚಾರಣೆ ಗುರುವಾರ ಇದೆ ಸರ್."

"ವಿಚಾರಣೆಗೆ ಪುಸ್ತಕ ಸಾಕು. ನಿಮ್ಮ ಪುಸ್ತಕಕ್ಕಿಂತ ಒಳ್ಳೆ ದಾಖಲೆ ಯಾವುದಿದೆ? ನಾಲ್ಕು ತಿಂಗಳಲ್ಲಿ ನಿವೃತ್ತಿ ನಿಮಗೆ. ಒಂದೂ ತಪ್ಪಿಲ್ಲದ ಸೇವೆ ಅಂತ ಪ್ರಶಂಸಾ ಪತ್ರಕ್ಕೆ ನಾನೇ ಶಿಫಾರಸು ಮಾಡಿದ್ದೀನಿ. ಈಗ ಯಾಕೆ ಸುಮ್ಮನೆ?"

ಮುಳ್ಳಿನಲ್ಲಿ ಇನ್ನೂರ ತೊಂಬತ್ತಾರು ಚೀಟಿ ಇದ್ದವು. ಎಣಿಸಿ, ದಾರ ಪೋಣಿಸಿ, ಕಟ್ಟಿ, ನನ್ನ ಊಟದ ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದೆ. ಈಗ ಅಕ್ಕಿ ಡಬ್ಬದ ಹಿಂದೆ ಇವೆ. ಮೂವತ್ತೊಂದು ವರ್ಷದಲ್ಲಿ ಡಿಪೋದಿಂದ ಒಂದು ಗುಂಡುಸೂಜಿಯನ್ನೂ ಮನೆಗೆ ತಂದವಳಲ್ಲ ನಾನು.

ಏಪ್ರಿಲ್ 2, ಬುಧವಾರ

ಇವತ್ತು ತರಗತಿ ಇತ್ತು. ಈ ಸಲವೂ ಹೋಗಲಿಲ್ಲ. ಆ ಒಂದು ಗಂಟೆ ಬಸ್ ತೊಳೆಯುವ ಜಾಗಕ್ಕೆ ಹೋಗಿ ಹುಡುಗರ ನಡುವೆ ಕೂತೆ. ಬರೆದವರೇ ಎದುರಿಗಿರುವಾಗ ಅರ್ಥ ಹೇಳಲು ಮೂರನೆಯವರು ಯಾಕೆ?

ಏಳನೇ ರೂಟಿನವನು ಟೀ ಲೋಟ ಹಿಂದೆ ಮುಚ್ಚಿಟ್ಟುಕೊಂಡ, ನಾನೇನೋ ಅದನ್ನೂ ತಿದ್ದಲು ಬಂದವಳಂತೆ.

"ನಾನೇ ಕೆಂಪಿಂಕು" ಎಂದೆ. "ಹೇಳ್ರಪ್ಪ, ಇಂಜಿನ್ ವೈಬ್ ಸರಿ ಇಲ್ಲ ಅಂತ ಯಾರು ಬರೆದದ್ದು?"

ಒಬ್ಬ ಕೈ ಎತ್ತಿದ. "ನಾನು ಮೇಡಂ. ಏನು ಅಂತ ಗೊತ್ತಾಗ್ತಿರ್ಲಿಲ್ಲ. ಎಲ್ಲಾ ಸರಿ ಇತ್ತು, ಆದ್ರೆ ಸೀಟಿನ ಕೆಳಗೆ ಏನೋ ಬೇರೆ ಥರ ಅದುರ್ತಿತ್ತು."

"ಹಾಗಂತಲೇ ಬರೀಬಹುದಿತ್ತಲ್ಲೋ."

"ಮೊದಲೆಲ್ಲ ಹಾಗೇ ಬರೀತಿದ್ವಿ. ಎಷ್ಟು ಉದ್ದ ಬರೆದ್ರೂ ನೀವು ಕೆಟ್ಟಿದೆ ಅಂತ ಮಾಡ್ತಿದ್ರಿ. ಮತ್ಯಾಕೆ ಉದ್ದ ಬರೀಬೇಕು ಅಂತ ಬಿಟ್ವಿ."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಆಮೇಲೆ ಬಂತು.

ಏಪ್ರಿಲ್ 3, ಗುರುವಾರ

ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಹನ್ನೊಂದು ಗಂಟೆಗೆ ಕರೆದರು. ಉದ್ದ ಮೇಜು. ಮುಖ್ಯ ಕಚೇರಿಯಿಂದ ಬಂದ ಅಧಿಕಾರಿ ನಡುವೆ, ಬಲಕ್ಕೆ ಮ್ಯಾನೇಜರ್. ಎದುರಿಗೆ ಹುಡುಗಿ. ಜಡೆ ಬಿಗಿಯಾಗಿ ಹೆಣೆದಿತ್ತು, ಕೈ ಮಡಿಲಲ್ಲಿತ್ತು. ಮೇಜಿನ ಮೇಲೆ ನನ್ನ ಪುಸ್ತಕ ತೆರೆದಿತ್ತು.

ಅಧಿಕಾರಿ ಕೇಳಿದರು: "ಬ್ರೇಕಿನಲ್ಲಿ ಏನು ತೊಂದರೆ ಇತ್ತು ಅಂತ ಹೇಳಮ್ಮ."

ಮ್ಯಾನೇಜರ್ ಸೇರಿಸಿದರು: "ಸರಿಯಾದ ಭಾಷೆಯಲ್ಲಿ."

ಹುಡುಗಿ ಶುರು ಮಾಡಿದಳು. "ಬ್ರೇಕಿನ ಕಾರ್ಯಾಚರಣೆಯು... ವಿಳಂಬ... ಅಂದ್ರೆ, ಅದರ ಪರಿಣಾಮ..." ಅಲ್ಲಿಗೆ ನಿಂತಳು. ಕಿವಿ ಕೆಂಪಾಯಿತು. ಎರಡು ಸಾಲಿನಲ್ಲಿ ಎಲ್ಲವನ್ನೂ ಹೇಳಬಲ್ಲ ಹುಡುಗಿ ನಮ್ಮ ಭಾಷೆಯಲ್ಲಿ ಮೂಗಿಯಾದಳು.

"ಚೀಟಿಯಲ್ಲಿ ಬರೆದ ಹಾಗೇ ಹೇಳಮ್ಮ" ಎಂದೆ. ನನ್ನನ್ನು ಯಾರೂ ಕೇಳಿರಲಿಲ್ಲ.

"ಮೇಡಂ, ನಿಮ್ಮ ಸರದಿ ಬಂದಾಗ" ಎಂದರು ಮ್ಯಾನೇಜರ್.

"ನನ್ನ ಸರದಿ ಮಾರ್ಚ್ ಹದಿನಾಲ್ಕಕ್ಕೇ ಬಂದಿತ್ತು ಸರ್. ಆಗ ತಪ್ಪು ಮಾಡಿದೆ."

ಚೀಲದಿಂದ ಕಟ್ಟು ತೆಗೆದು ಎರಡು ಚೀಟಿ ಬಿಡಿಸಿ ಮೇಜಿನ ಮೇಲಿಟ್ಟೆ. ಪಕ್ಕದಲ್ಲಿ ಮೇಸ್ತ್ರಿಯ ಹೇಳಿಕೆ, ಅದರ ಮೇಲೆ ಬಟ್ಟೆಯಲ್ಲಿ ಸುತ್ತಿದ ವಾಲ್ವು. ಅಧಿಕಾರಿ ಚೀಟಿ ಓದಿದರು. ಕನ್ನಡಕ ಮೇಲೆತ್ತಿ ಮತ್ತೆ ಓದಿದರು.

"ಲ್ಯಾಗ್ ಅಂದ್ರೆ? ಮಂದ ಅಂತ ತಾನೆ ನೀವು ಬರೆದದ್ದು?"

"ಕೈ ಮುಂದೆ ಮಾಡಿ ಸರ್" ಎಂದೆ.

ಮೊಮ್ಮಗಳ ಸ್ಕೇಲು ತಂದಿದ್ದೆ. ಅವರ ಬೆರಳುಗಳ ನಡುವೆ ತೂಗಿ ಹಿಡಿದು, ಒಂದು ಎಣಿಸಿ ಹಿಡಿಯಿರಿ ಎಂದು ಬಿಟ್ಟೆ. ಸ್ಕೇಲು ಮೇಜಿನ ಮೇಲೆ ಟಪ್ ಎಂದು ಬಿತ್ತು. ಅವರ ಬೆರಳುಗಳು ಗಾಳಿಯನ್ನು ಗಟ್ಟಿಯಾಗಿ ಹಿಡಿದಿದ್ದವು.

"ನಿಮ್ಮ ಕೈ ಮಂದವೇ ಸರ್?"

"ಅಲ್ಲ."

"ಬಿಗಿ ಮಾಡಿದ್ರೆ ಸರಿ ಹೋಗುತ್ತಾ?"

ಅವರು ಎರಡನೇ ಚೀಟಿಯನ್ನು ಮತ್ತೆ ಎತ್ತಿಕೊಂಡರು. "ಬಿಗಿ ಮಾಡಿದ್ರೆ ಹೋಗಲ್ಲ ಇದು" ಎಂದು ನಿಧಾನವಾಗಿ ಗಟ್ಟಿಯಾಗಿ ಓದಿದರು. "ಇದು ಪುಸ್ತಕದಲ್ಲಿ ಯಾಕಿಲ್ಲ?"

"ನಾನು ಬಿಟ್ಟೆ. ಸೀರಿಯಸ್ ಅನ್ನೋದನ್ನೂ ನಾನೇ ಬಿಟ್ಟೆ."

"ಇಷ್ಟು ವರ್ಷದ ದಾಖಲೆ ನಿಮ್ಮದು. ನಿಮ್ಮ ಭಾಷೆಯೇ ತಪ್ಪು ಅಂತೀರಾ?"

"ಭಾಷೆ ಚೆನ್ನಾಗೇ ಇತ್ತು ಸರ್. ಅದರಲ್ಲಿ ವಿಷಯ ಇರಲಿಲ್ಲ. ಚೀಟಿ ಸರಿ, ಪುಸ್ತಕ ತಪ್ಪು. ಮೆಮೊ ಕೊಡೋದಿದ್ದರೆ ಇವಳಿಗಲ್ಲ, ನನಗೆ ಕೊಡಿ."

ಹುಡುಗಿ ತಲೆ ಎತ್ತಲಿಲ್ಲ. ಹೊರಗೆ ಬಂದ ಮೇಲೆ ಕಾರಿಡಾರಿನಲ್ಲಿ ನನ್ನ ಚೀಲ ತಾನೇ ಹಿಡಿದುಕೊಂಡು ಮೆಟ್ಟಿಲಿಳಿದಳು. ಬೇಡ ಎಂದರೂ ಬಿಡಲಿಲ್ಲ.

ಏಪ್ರಿಲ್ 16, ಬುಧವಾರ

ಆದೇಶ ಬಂತು. ಹುಡುಗಿ ಸೋಮವಾರದಿಂದ ಕೆಲಸಕ್ಕೆ. ಅಮಾನತಿನ ದಿನಗಳನ್ನು ಹಾಜರಿ ಎಂದೇ ತೆಗೆದುಕೊಳ್ಳುತ್ತಾರೆ. ಮೇಸ್ತ್ರಿಗೆ ಏನೂ ಇಲ್ಲ. ನನ್ನ ಸೇವಾ ಕಡತಕ್ಕೆ ಒಂದು ಎಚ್ಚರಿಕೆ ಪತ್ರ ಸೇರಿದೆ. ಪ್ರಶಂಸಾ ಪತ್ರದ ಶಿಫಾರಸು ವಾಪಸು.

ಮೇಷ್ಟ್ರನ್ನು ನೋಡಲು ಭಾನುವಾರ ಅವರ ಮನೆಗೆ ಹೋಗಿದ್ದೆ. ನಾನು ಯಾರೆಂದು ಹೇಳಿದೆ, ಏನು ಮಾಡಿದೆನೆಂದೂ ಹೇಳಿದೆ. ಅವರು ಕಟ್ಟು ಹಾಕಿದ ತೋಳನ್ನು ನೋಡಿಕೊಂಡು, "ನಾನೂ ಮೂವತ್ತು ವರ್ಷ ಮಕ್ಕಳ ಉತ್ತರ ತಿದ್ದಿದವನೇ" ಎಂದರು. ಅದು ಕ್ಷಮೆಯೋ ಅಲ್ಲವೋ ಗೊತ್ತಾಗಲಿಲ್ಲ. ಕೇಳಲಿಲ್ಲ.

ಎಚ್ಚರಿಕೆ ಪತ್ರದಲ್ಲಿ ಎರಡು ಕಾಗುಣಿತ ತಪ್ಪುಗಳಿವೆ. ಇರಲಿ, ಅರ್ಥವಾಗುತ್ತದೆ.

ಏಪ್ರಿಲ್ 21, ಸೋಮವಾರ

ಬೆಳಿಗ್ಗೆಯಿಂದ ಎಡ ಮೊಣಕಾಲು ಲ್ಯಾಗ್. ಮನೆಯ ನಲ್ಲಿ ಬೇರೆ ಡ್ರಾಮಾ ಮಾಡುತ್ತಿದೆ. ಆದರೂ ಡಿಪೋಗೆ ಹತ್ತು ನಿಮಿಷ ಮೊದಲೇ ತಲುಪಿದೆ. ಹುಡುಗಿ ಟೋಪಿ ಕೇಳಿದಳು, ಒರೆಸಿ ಇಟ್ಟಿದ್ದೆ, ಕೊಟ್ಟೆ.

ಏಪ್ರಿಲ್ 25, ಶುಕ್ರವಾರ

ಮ್ಯಾನೇಜರ್ ನಲವತ್ತು ಪದಗಳ ಒಂದು ಪಟ್ಟಿ ಅಂಟಿಸಿದ್ದಾರೆ. ದೋಷಪುಸ್ತಕದಲ್ಲಿ ಇನ್ನು ಮೇಲೆ ಆ ನಲವತ್ತರಲ್ಲೇ ಬರೆಯಬೇಕು. ಲ್ಯಾಗ್ ಅದರಲ್ಲಿಲ್ಲ. ಮಂದ ಇದೆ.

ಪೂರ್ತಿ ಓದಿದೆ. ಆಮೇಲೆ ಅಂಗಡಿಗೆ ಹೋಗಿ ಒಂದು ಬಾಟಲಿ ಗೋಂದು ತಂದೆ. ಪುಸ್ತಕದ ಬಲಗಡೆ ಕೆಂಪು ಗೆರೆ ಎಳೆದು ಹೊಸ ಅಂಕಣ ಮಾಡಿದೆ. ನಾನು ಬರೆದದ್ದು ಎಡಗಡೆ, ಚಾಲಕರ ಚೀಟಿ ಹಾಗೆಯೇ ಬಲಗಡೆ. ಮೇಸ್ತ್ರಿ ಈಗ ಮೊದಲು ಬಲಗಡೆ ಓದುತ್ತಾನೆ. ಓದಲಿ.

ಮೊಮ್ಮಗಳು ಸಂಜೆ ಒಂದು ಸಂದೇಶ ಕಳಿಸಿದಳು. ತಿದ್ದದೆ ಓದಿ, ಅವಳ ಭಾಷೆಯಲ್ಲೇ ಉತ್ತರ ಕೊಟ್ಟೆ. "ಅಜ್ಜಿ ನಿನ್ನ ಫೋನು ಯಾರೋ ಕದ್ದಿದ್ದಾರಾ?" ಎಂದು ಓಡಿ ಬಂದಳು.

ಮೇ 6, ಮಂಗಳವಾರ

ಮ್ಯಾನೇಜರ್ ಪುಸ್ತಕ ತರಿಸಿಕೊಂಡು ಪುಟ ತಿರುಗಿಸಿದರು. ಗೋಂದಿಗೆ ಪುಟಗಳು ಉಬ್ಬಿ ಪುಸ್ತಕ ಮುಚ್ಚುತ್ತಿಲ್ಲ.

"ಏನು ಮೇಡಂ ಇದು? ಹುಡುಗರ ಹರಟೆಯನ್ನೆಲ್ಲ ದಾಖಲೆ ಮಾಡಿಟ್ಟಿದ್ದೀರ? ಎಲ್ಲಾ ಕಿತ್ತು, ಆ ನಲವತ್ತು ಪದದಲ್ಲಿ ಹೊಸದಾಗಿ ಬರೆದುಕೊಡಿ. ಇನ್ನೊಂದು ಎಚ್ಚರಿಕೆ ಬೇಕಾ ನಿಮಗೆ? ಉಳಿದಿರೋದು ಮೂರೇ ತಿಂಗಳು."

"ಸೀನೇ ಇಲ್ಲ ಸರ್" ಎಂದೆ.

ಅವರು ಕಣ್ಣು ಕಿರಿದು ಮಾಡಿ ನೋಡಿದರು. "ಹಾಗಂದ್ರೆ ಏನು?"

"ನಾಳೆ ಮೊದಲ ಬುಧವಾರ. ಒಂದು ಗಂಟೆ ತರಗತಿ ಇದೆ. ಹೋಗಿ ಬನ್ನಿ, ಫ್ಯಾನು ಚೆನ್ನಾಗಿದೆಯಂತೆ."

ಪುಸ್ತಕ ಎತ್ತಿಕೊಂಡು ಬಂದೆ. ಮೇಜು ಸ್ವಲ್ಪ ಅಲುಗಾಡುತ್ತಿತ್ತು. ಕೆಳಗಿನ ಸುತ್ತೋಲೆ ಸವೆದುಹೋಗಿದೆ. ಎಚ್ಚರಿಕೆ ಪತ್ರದ ನನ್ನ ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಇಟ್ಟೆ. ದಪ್ಪ ಕಾಗದ, ಸರಿಯಾಗಿ ಕೂತಿತು.

ಇವತ್ತು ಹದಿನೇಳು ಚೀಟಿ. ಹದಿನೇಳನ್ನೂ ಅಂಟಿಸಿದೆ. ಗೋಂದು ಮುಗಿದಿದೆ, ನಾಳೆ ದೊಡ್ಡ ಬಾಟಲಿ ತರಬೇಕು.